ದುಡ್ಡು ಬೇಗ ಬರಲಿ, ಹಕ್ಕೂ ಉಳಿಯಲಿ

ನೊಣವಿನಕೆರೆ ಸೀಮೆಯಲ್ಲಿ ಮನೆಯ ಯಜಮಾನ ತೀರಿಕೊಂಡರೂ ತೋಟದ ಕೆಲಸ ನಿಲ್ಲುವುದಿಲ್ಲ. ಕಾಯಿ ಕೆಡವಿದವರಿಗೆ, ಸುಲಿದವರಿಗೆ ಕೂಲಿ ಕೊಡಲೇಬೇಕು. ಕೊಬ್ಬರಿ ಮಾರಿದ ದುಡ್ಡು ಮಾತ್ರ ಸತ್ತವರ ಖಾತೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕಾಗಿ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎನ್ನುವುದು ಸಣ್ಣ ಹಿಡುವಳಿದಾರರಿಗೆ ಶಿಕ್ಷೆಯೇ ಸರಿ.

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನವನ್ನು ಆ ಕಾರಣಕ್ಕೇ ಮೆಚ್ಚಬೇಕು. ನಾಮಿನಿ ಇದ್ದರೆ ಕೋರ್ಟಿನ ಕಾಗದ ಕೇಳುವಂತಿಲ್ಲ. ನಾಮಿನಿ ಇಲ್ಲದಿದ್ದರೂ, ವಿಲ್ಲಾಗಲಿ ತಕರಾರಾಗಲಿ ಇಲ್ಲವೆಂದಾದರೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷ, ಉಳಿದ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗೆ ಸರಳ ದಾಖಲೆಗಳೇ ಸಾಕು. ದಾಖಲೆಗಳೆಲ್ಲ ಕೈಸೇರಿದ 15 ದಿನದೊಳಗೆ ಇತ್ಯರ್ಥವಾಗಬೇಕು. ಬ್ಯಾಂಕಿನಿಂದ ತಡವಾದರೆ ಪರಿಹಾರವನ್ನೂ ಕೊಡಬೇಕು.

ಕೊರತೆ ಇರುವುದು ವಾರಸುದಾರರಿಗೆ ವಿಷಯ ಮುಟ್ಟಿಸುವಲ್ಲಿ. ನಾಮಿನಿ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಅದನ್ನು ಪಡೆಯುವವನಷ್ಟೇ. ಬ್ಯಾಂಕ್ ಠೇವಣಿಯ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಇದನ್ನು 2010ರಲ್ಲೇ ಸ್ಪಷ್ಟಪಡಿಸಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ವಿಲ್ ಬರೆಯದೆ ಸತ್ತವರ ಸ್ವಂತ ದುಡಿಮೆಯ ಹಣದಲ್ಲಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಆದರೆ ಅಣ್ಣ ನಾಮಿನಿಯಾಗಿದ್ದು ದುಡ್ಡು ತೆಗೆದುಕೊಂಡರೆ, ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಕೊಟ್ಟ ತಂಗಿಗೆ ಸುದ್ದಿಯೇ ಮುಟ್ಟದಿರಬಹುದು. ನಾಮಿನಿ ಇಲ್ಲದ ಕಡೆ ಅವಳಿಂದ ನಿರಾಕ್ಷೇಪಣಾ ಪತ್ರ ಬೇಕು. ಅದೂ ತವರಿನ ನಡುಮನೆಯಲ್ಲಿ, “ಇಲ್ಲೊಂದು ಸೈನ್ ಹಾಕವ್ವ” ಎಂಬ ಒಂದೇ ಮಾತಿಗೆ ಮುಗಿದುಹೋಗುತ್ತದೆ. ತವರಿಗೆ ಬಂದುಹೋಗುವ ದಾರಿ ಮುಚ್ಚೀತೆಂಬ ಅಂಜಿಕೆಯಲ್ಲಿ ಮೊತ್ತವೆಷ್ಟೆಂದೂ ಕೇಳದೆ ಅವಳು ಸಹಿ ಹಾಕುತ್ತಾಳೆ.

ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಹಳೆಯ ಕ್ರಮ, ಎಲ್ಲರಿಗೂ ತಿಳಿಸುವ ಈ ಒಂದು ವಿಷಯದಲ್ಲಿ ಮೇಲು. 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಖಾತೆ ಬದಲಾವಣೆಗೆ ಮುಂಚೆ ಚಾವಡಿಯಲ್ಲಿ ನೋಟಿಸು ಹಚ್ಚಿ, ಹಿತಾಸಕ್ತರಿಗೆ ಲಿಖಿತವಾಗಿ ತಿಳಿಸಿ, ತಕರಾರಿಗೆ ಅವಕಾಶ ಕೊಡಬೇಕೆನ್ನುತ್ತದೆ. ನಿಧಾನವೆಂದು ಪೌತಿ ಖಾತೆಯನ್ನು ಬೈಯುವುದು ನ್ಯಾಯವೇ: ಪಹಣಿ ಸತ್ತವರ ಹೆಸರಲ್ಲೇ ಉಳಿದರೆ ಬೆಂಬಲ ಬೆಲೆಗೆ ಕೊಬ್ಬರಿ ಬಿಡಲು ಹೆಸರು ನೋಂದಾಯಿಸುವುದೂ ಕಷ್ಟ. ಹಾಗೆಂದು ನೋಟಿಸಿನ ಬೆಲೆಯನ್ನು ಮರೆಯಬಾರದು.

ಬ್ಯಾಂಕಿನ 15 ದಿನದ ಗಡುವು ಹಾಗೇ ಇರಲಿ. ಅರ್ಜಿ ಬಂದ ದಿನವೇ ವಂಶವೃಕ್ಷದಲ್ಲಿರುವ ಪ್ರತಿಯೊಬ್ಬರಿಗೂ ಮೊತ್ತವೆಷ್ಟು, ಪಡೆಯುವವರು ಯಾರು, ನಿಮ್ಮ ಪಾಲಿನ ಹಕ್ಕೇನು ಎಂಬುದನ್ನು ಕನ್ನಡದಲ್ಲಿ ಬರೆದು ಕಳಿಸಲಿ. ಆಮೇಲೆ ತಂಗಿ ತನ್ನ ಪಾಲನ್ನು ಬಿಟ್ಟುಕೊಟ್ಟರೆ ಅದು ಅವಳ ಮನಸ್ಸಿನ ದೊಡ್ಡತನ. ತಿಳಿಸದೆ ಬಿಡಿಸಿಕೊಂಡರೆ ಅದು ಮೋಸ.