ಕೈಬರಹದ ಭ್ರಮೆ: ‘ಮಿಸ್ತ್ರಾಲ್’ ಅಚ್ಚುಮೊಳೆಯ ವಿಚಾರ

ಓಲೆಗರಿಯ ಪ್ರತಿಗಳನ್ನು ಓದಿ ಬಲ್ಲವರಿಗೆ ತಿಳಿದ ಸಂಗತಿಯೆಂದರೆ, ಲಿಪಿಕಾರನ ಕೈಯ ಗುರುತು ಅಕ್ಷರದ ಆಕೃತಿಯಲ್ಲಿರುವಷ್ಟೇ ಅದರ ಸಣ್ಣ ವ್ಯತ್ಯಾಸಗಳಲ್ಲಿಯೂ ಇರುತ್ತದೆ. ಒಂದೇ ಗರಿಯಲ್ಲಿ ಹತ್ತು ಸಲ ಬಂದ ರಕಾರ ಹತ್ತು ಸಲವೂ ಒಂದೇ ಆಗಿರದು. ಅಚ್ಚುಮೊಳೆಯಾದರೋ ಒಂದೇ ಪಡಿಯಚ್ಚಿನಲ್ಲಿ ಎರಕಗೊಂಡದ್ದು. ಹೀಗಿರಲು ಕೈಬರಹವನ್ನು ಮೊಳೆಗೆ ಇಳಿಸುವುದು ಸಾಧ್ಯವೆ?

ಫ್ರಾನ್ಸಿನ ರೋಜೇ ಎಕ್ಸ್‌ಕೊಫಾನ್ (1910-1983) ಈ ತೊಡಕನ್ನು ಎದುರಿಸಿದ ರೀತಿ ಪರಿಶೀಲನಾರ್ಹವಾಗಿದೆ. ಮಾರ್ಸೇಲ್ ನಗರದ ಓಲೀವ್ ಎರಕಶಾಲೆ 1953ರಲ್ಲಿ ಹೊರತಂದ ಆತನ ‘ಮಿಸ್ತ್ರಾಲ್’ಗೆ ಆ ಸೀಮೆಯ ಬಿರುಗಾಳಿಯ ಹೆಸರು, ಮಾದರಿ ಆತನದೇ ಬರಹ. ಇದರ ಜಾಣ್ಮೆಯೆಲ್ಲ ಕೂಡುಗೆರೆಗಳಲ್ಲಿದೆ. ಒಂದು ಚಿಕ್ಕಕ್ಷರದ ಬಾಲ ಮುಂದಿನದರ ಮೊದಲಿಗೆ ತಾಗಿ, ಎರಡು ಮೊಳೆಗಳ ನಡುವಣ ಸಂದು ಮರೆಯಾಗುತ್ತದೆ. ಗೆರೆಯ ಅಂಚು ಕುಂಚದ ಒರಟನ್ನು ಉಳಿಸಿಕೊಂಡಿದೆ. ಪುನರಾವೃತ್ತಿಯನ್ನು ಗಮನಿಸುವ ಮೊದಲೇ ಕಣ್ಣು ಮುಂದಕ್ಕೆ ಸರಿದಿರುತ್ತದೆ. 1955ರ ‘ಶಾಕ್’ ದಪ್ಪ ಕುಂಚದ ಬಲವನ್ನು ತೋರುವುದಾದರೂ ಈ ಹರಿವು ಅದಕ್ಕಿಲ್ಲವೆಂದು ನನ್ನ ಎಣಿಕೆ.

ಅಂಗಡಿಯ ಫಲಕ, ಜಾಹೀರಾತು, 2011ರ ‘ಡ್ರೈವ್’ ಚಲನಚಿತ್ರದ ಶೀರ್ಷಿಕೆ: ಇಂಥ ನಾಲ್ಕಾರು ಪದಗಳ ಎಡೆಗಳಲ್ಲಿ ಮಿಸ್ತ್ರಾಲ್ ಸಾರ್ಥಕ. ಇಡೀ ಪುಟವನ್ನು ಇದರಲ್ಲಿ ಜೋಡಿಸಿದರೆ ಅದೇ ಅಕ್ಷರ ಅದೇ ಒರಟಿನೊಡನೆ ಮರಳಿ ಮರಳಿ ಬಂದು ಭ್ರಮೆ ಹರಿಯುತ್ತದೆ. ಬರಿಯ ದೊಡ್ಡಕ್ಷರಗಳಲ್ಲಿ ಜೋಡಿಸುವುದಂತೂ ಅಕ್ಷಮ್ಯ. ಅವು ಒಂದಕ್ಕೊಂದು ಕೂಡಲೆಂದು ಹುಟ್ಟಿದವಲ್ಲ. ಆದರೂ ಗಣಕಯಂತ್ರದಲ್ಲಿ ಈ ಲಿಪಿ ಸುಲಭವಾಗಿ ದೊರೆತ ಮೇಲೆ ಅಂಥ ಫಲಕಗಳೇ ಕಣ್ಣಿಗೆ ಬೀಳುತ್ತಿವೆ.