ಚಿಪ್ಪಿನ ಅಂಚಿನ ಬಿಳಿ ಪಟ್ಟಿ

ಆಕ್ಲೆಂಡಿನ ಪೂರ್ವ ದಿಕ್ಕಿನ ಬಡಾವಣೆ ಬಾಟನಿ ಡೌನ್ಸ್. ಅಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಕಡಲನೀರಿನ ತೊಟ್ಟಿ, ಇಟ್ಟವರ ಮನೆಗೆ ಹೋದರೆ, ಟ್ಯಾಂಕಿನಲ್ಲಿ ಕ್ಲಾಮ್ ಎಂಬ ಚಿಪ್ಪಿಜೀವಿ ಇದ್ದ ಪಕ್ಷದಲ್ಲಿ ಮೊದಲು ತೋರಿಸುವುದು ಅದನ್ನೇ. ನೀಲಿ, ಹಸಿರು, ನೇರಳೆ ಚುಕ್ಕಿಗಳ ಮ್ಯಾಂಟಲ್ ಅರಳಿಸಿಕೊಂಡು ಕೂತ ದೈತ್ಯ ಕ್ಲಾಮ್, ಟ್ರೈಡಾಕ್ನಾ. "ಬಣ್ಣ ಹೆಂಗಿದೆ ನೋಡಿ" ಎನ್ನುತ್ತಾರೆ. ಈ ಹವ್ಯಾಸದ ದೊಡ್ಡ ದೋಷ ಆ ಮಾತಿನಲ್ಲೇ ಇದೆ ಎಂದು ನನ್ನ ತಕರಾರು. ಕ್ಲಾಮ್ ಸುಖವಾಗಿದೆಯೇ ಎಂದು ತಿಳಿಯಬೇಕಾದವರು ಮೇಲಿನಿಂದ ಬಣ್ಣ ನೋಡದೆ ಪಕ್ಕದಿಂದ ಚಿಪ್ಪು ನೋಡಬೇಕು.

ಮ್ಯಾಂಟಲ್ ಎಂದರೆ ಚಿಪ್ಪಿನಿಂದ ಹೊರಚಾಚುವ ಮಾಂಸದ ಮಡಿಕೆ. ಅದರೊಳಗೆ, ಜಠರದಿಂದ ಕವಲೊಡೆದು ಬಂದ ಸಣ್ಣ ನಾಳಗಳಲ್ಲಿ, ಜೂಜಾಂಥೆಲೆ ಎಂಬ ಏಕಕೋಶ ಪಾಚಿ ಬದುಕುತ್ತದೆ. ಅದು ಬೆಳಕಿನಲ್ಲಿ ಮಾಡಿದ ಸಕ್ಕರೆ ಕ್ಲಾಮಿನ ಮುಖ್ಯ ಆಹಾರ. ಕಂದು ಛಾಯೆ ಪಾಚಿಯದು; ನೀಲಿ, ಹಸಿರು ಹೊಳಪು ಇರಿಡೋಸೈಟ್ ಎಂಬ ಜೀವಕೋಶಗಳದು. ಆ ಹೊಳಪಿಗೆ ಕೆಲಸವಿದೆ ಎಂದು 2014ರಲ್ಲಿ ಅಲಿಸನ್ ಸ್ವೀನಿ ಮತ್ತು ಸಂಗಡಿಗರು ತೋರಿಸಿದರು: ಉಷ್ಣವಲಯದ ತೀಕ್ಷ್ಣ ಬಿಸಿಲನ್ನು ಚದುರಿಸಿ, ಒಳಗೆ ಸಾಲುಗಟ್ಟಿ ನಿಂತ ಪಾಚಿಗೆ ಹದವಾಗಿ ಹಂಚುವ ಏರ್ಪಾಡು ಅದು. ಹೀಗಿರುವಾಗ, ಹಸಿದ ಕ್ಲಾಮಿನಲ್ಲಿ ಪಾಚಿ ತೆಳುವಾದರೆ ಕಂದು ಕಡಿಮೆಯಾಗಿ ನೀಲಿ ಇನ್ನಷ್ಟು ಎದ್ದು ಕಾಣಬಹುದು. ಬಂದವರು ಮೆಚ್ಚುತ್ತಿರುವಾಗಲೇ ಅದು ಒಳಗೊಳಗೆ ಸೊರಗುತ್ತಿರಬಹುದು.

ಚಿಪ್ಪು ಹಾಗಲ್ಲ. ಅದು ಬೆಳೆಯಲು ಬೆಳಕು, ಸಾರಜನಕ, ಕ್ಯಾಲ್ಸಿಯಂ, ಕಾರ್ಬೊನೇಟ್ ಎಲ್ಲವೂ ದಿನನಿತ್ಯದ ಖರ್ಚು ಕಳೆದು ಮಿಗಬೇಕು. ಮೇಲಂಚಿನಲ್ಲಿ ಹೊಸದಾಗಿ ಮೂಡುವ ಶುಭ್ರ ಬಿಳಿ ಪಟ್ಟಿಯೇ ಆ ಉಳಿತಾಯ. ನೀರಿನ ಪರೀಕ್ಷೆಯಲ್ಲೂ ಅದು ಕಾಣುತ್ತದೆ: ಚಿಪ್ಪು ಕಟ್ಟುವಾಗ ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ಇಳಿದರೆ ಆಲ್ಕಲಿನಿಟಿ, ಅಂದರೆ ನೀರಿನ ಕಾರ್ಬೊನೇಟ್ ಸಂಗ್ರಹ, 2.8 ಡಿಕೆಎಚ್ ಇಳಿಯುತ್ತದೆ. ಹವಳಗಳೂ ಇದೇ ಪಾಲು ಕೇಳುವುದರಿಂದ ಪರೀಕ್ಷೆಯ ಅಂಕಿಯೊಂದನ್ನೇ ನಂಬುವಂತಿಲ್ಲ. ತಿಂಗಳಿಗೊಮ್ಮೆ ಅಳತೆಪಟ್ಟಿ ಹಿಡಿದು ಪಕ್ಕದಿಂದ ಫೋಟೊ ತೆಗೆಯಬೇಕು. ಇದನ್ನು ಮಾಡುವವರು ತೀರ ಕಡಿಮೆ. ಸಾವಿರಾರು ಡಾಲರಿನ ಎಲ್‌ಇಡಿ ದೀಪ ಕೊಳ್ಳುವವರು ಇಷ್ಟು ಪುಟ್ಟ ಕೆಲಸ ಬಿಡುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನೀರಿನ ವಿಷಯದಲ್ಲಿ ಇಲ್ಲಿಯವರಿಗೆ ಒಂದು ಅನುಕೂಲ, ಒಂದು ಅಪಾಯ. ಕಡಲು ಹತ್ತಿರ, ಕ್ಯಾನು ತುಂಬಿಸಿ ತಂದರೆ ಉಪ್ಪಿನ ಪುಡಿಯ ಖರ್ಚಿಲ್ಲ. ಆದರೆ ಮಳೆ ಬಂದ ಮೇಲೆ ತೀರದ ನೀರಿಗೆ ಚರಂಡಿಯ ಕೊಳೆ ಸೇರುತ್ತದೆ. ಈಜುವವರಿಗಾಗಿ ನಗರಾಡಳಿತ ನಡೆಸುವ ಸೇಫ್‌ಸ್ವಿಮ್ ಎಚ್ಚರಿಕೆಗಳನ್ನು ಟ್ಯಾಂಕಿನವರೂ ನೋಡಬೇಕು. ಮನೆಯಲ್ಲೇ ಉಪ್ಪು ಕಲಸುವವರು ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಆರ್‌ಒ ಶೋಧಕದಲ್ಲಿ ಹಾಯಿಸದೆ ಬಳಸಬಾರದು.

ಇನ್ನು ಅತಿ ಮಡಿ. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಓಡಿಸಿ, ರಾಸಾಯನಿಕ ಸುರಿದು, ನೈಟ್ರೇಟ್ ಸೊನ್ನೆಗಿಳಿಸಿ ಹೆಮ್ಮೆಪಡುವವರಿದ್ದಾರೆ. ಹವಳಕ್ಕೂ ಅದು ಒಳ್ಳೆಯದಲ್ಲ, ಕ್ಲಾಮಿಗಂತೂ ಉಪವಾಸ. ನೀರಿನಲ್ಲಿ ಕರಗಿದ ಅಮೋನಿಯಂ, ನೈಟ್ರೇಟನ್ನು ಕ್ಲಾಮ್ ಹೀರಿಕೊಳ್ಳುತ್ತದೆ. ಮೀನಿಗೆ ಧಾರಾಳವಾಗಿ ತಿನಿಸುವ ಟ್ಯಾಂಕಿನಲ್ಲಿ ಅದು ಚೆನ್ನಾಗಿ ಬೆಳೆಯುವುದು ಅದಕ್ಕೇ. ಮರಿಗಳ ಮಾತು ಬೇರೆ. ಟ್ರೈಡಾಕ್ನಾ ಗಿಗಾಸ್ ಮೇಲೆ ಕ್ಲಂಪ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರ ಸಣ್ಣವು ತಮಗೆ ಬೇಕಾದ ಇಂಗಾಲದ ಶೇ. 65ರಷ್ಟನ್ನು ನೀರು ಸೋಸಿಯೇ ಪಡೆಯುತ್ತಿದ್ದವು. ದೊಡ್ಡವುಗಳಲ್ಲಿ ಅದು ಶೇ. 34ಕ್ಕೆ ಇಳಿದಿತ್ತು. ಹಾಗಾಗಿ ಎರಡು ಇಂಚಿನ ಮರಿ ತಂದು 'ಬೆಳಕು ಸಾಕು' ಎನ್ನುವವರ ವಾದ ನಾನು ಒಪ್ಪುವುದಿಲ್ಲ.

ಇದೇ ತರ್ಕದಿಂದ, ಬಾಟನಿ ಡೌನ್ಸ್‌ಗೆ ಹತ್ತಿರದ ಕಾಕಲ್ ಬೇಯ ಟುವಾಂಗಿ ಚಿಪ್ಪಿಜೀವಿಯನ್ನು ಯಾರೂ ಇಂಥ ಟ್ಯಾಂಕಿಗೆ ಹಾಕಬಾರದು. ಅಘನಾಶಿನಿ ಅಳಿವೆಯ ಬಳಚು, ಮಂಗಳೂರಿನ ಮರುವಾಯಿಯಂತೆ ಅದೂ ಉಬ್ಬರ ತಂದದ್ದನ್ನು ಸೋಸಿ ತಿನ್ನುತ್ತದೆ; ಸಾಲದ್ದಕ್ಕೆ ಅದು ತಂಪು ಕೆಸರಿನ ಜೀವ. 25 ಡಿಗ್ರಿಯ ತಿಳಿನೀರಿನಲ್ಲಿ ಹಸಿದು ಸಾಯುತ್ತದೆ. ಕಾಕಲ್ ಬೇಯಲ್ಲಿ ಚಿಪ್ಪು ಹೆಕ್ಕಲು ನಿರ್ಬಂಧ ಬೇರೆ ಇದೆ.

ಕೈಯಾರೆ ಮಾಡುವ ಕೆಡುಕುಗಳಲ್ಲಿ ಒಂದನ್ನು ಹೇಳಲೇಬೇಕು. ಕ್ಲಾಮ್ ಅಡಿಯಿಂದ ಬಿಸಸ್ ಎಂಬ ನಾರುಗಳನ್ನು ಹೊರಡಿಸಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಜಾಗ ಬದಲಿಸಲೆಂದು ಅದನ್ನು ಎಳೆದು ಕಿತ್ತರೆ ಒಳಗಿನ ಗ್ರಂಥಿ ಹರಿದು ಪ್ರಾಣ ಹೋಗಬಹುದು. ಬ್ಲೇಡಿನಿಂದ ನಾರನ್ನು ಕೊಯ್ಯಬೇಕು, ಇಲ್ಲವೇ ಮೊದಲೇ ಪುಟ್ಟ ಕಲ್ಲಿನ ಮೇಲೆ ಕೂರಿಸಿ ಕಲ್ಲಿನ ಸಮೇತ ಎತ್ತಬೇಕು. ರಾತ್ರಿ ಟಾರ್ಚ್ ಹಿಡಿದು ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಬಸವನಹುಳುಗಳಿವೆಯೇ ನೋಡಬೇಕು; ಪಿರಮಿಡೆಲ್ಲಿಡ್ ಜಾತಿಯ ಅವು ಮ್ಯಾಂಟಲ್ಲಿನ ರಸ ಹೀರುತ್ತವೆ.

ಸಾಕುವುದೇ ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಾಕಣೆ ಕೇಂದ್ರದಲ್ಲಿ ಬೆಳೆಸಿದ್ದಾದರೆ ಸರಿ. ಫಿಜಿಯ ಸುತ್ತ ಗಿಗಾಸ್ ಪೂರ್ತಿ ಅಳಿದುಹೋಗಿ, 1980ರ ದಶಕದಲ್ಲಿ ಆಸ್ಟ್ರೇಲಿಯಾದಿಂದ ತಂದು ಮಕೊಂಗಾಯಿ ದ್ವೀಪದಲ್ಲಿ ಮರಿ ಬೆಳೆಸಬೇಕಾಯಿತು. ಟ್ರೈಡಾಕ್ನಾಗಳ ಇಡೀ ಕುಟುಂಬ 1985ರಿಂದ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಗಡಿ ದಾಟಲು ಪರವಾನಗಿ ಬೇಕು. ಊರಿನ ನೆಂಟರು ನೋಡಿ ಆಸೆಪಟ್ಟರೆ ತಿಳಿಸಿ ಹೇಳಬೇಕು: ಭಾರತದಲ್ಲಿ ಟ್ರೈಡಾಕ್ನಾ ಮ್ಯಾಕ್ಸಿಮಾ, ಸ್ಕ್ವಾಮೋಸಾ 2001ರಲ್ಲೇ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ, ಲಕ್ಷದ್ವೀಪದಿಂದ ಮಂಗಳೂರಿಗೆ ಒಂದನ್ನು ತಂದರೂ ಅಪರಾಧ.

ಕೊನೆಯದು, ಈ ಹವ್ಯಾಸ ಮುಖ ತಿರುಗಿಸುವ ಪ್ರಶ್ನೆ. ಬೆಳವಣಿಗೆಯೇ ಆರೋಗ್ಯವೆಂದ ಮೇಲೆ, ಬೆಳೆದದ್ದನ್ನು ಎಲ್ಲಿಡುವುದು? ಟ್ರೈಡಾಕ್ನಾ ಡೆರಾಸಾ ಅರ್ಧ ಮೀಟರ್ ದಾಟಬಲ್ಲದು. ಕಡಲಿಗೆ ಬಿಡುವಂತಿಲ್ಲ, 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದ ಬಳಿ ಕಂಡ ಪರದೇಶದ ಕೌಲರ್ಪಾ ಪಾಚಿ ಆಕ್ಲೆಂಡಿನ ಹೌರಾಕಿ ಕೊಲ್ಲಿಗೆ ಎಂಥ ಕಂಟಕವಾಗಿದೆ ಎಂದು ಇಲ್ಲಿಯವರಿಗೆ ಗೊತ್ತು. ಟ್ಯಾಂಕಿನ ನೀರನ್ನೂ ರಸ್ತೆಬದಿಯ ಮಳೆನೀರ ಚರಂಡಿಗೆ ಸುರಿಯಬಾರದು. ಟ್ರೈಡಾಕ್ನಾ ಕ್ರೋಸಿಯಾ ಹದಿನೈದು ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಆದರೆ ಅದಕ್ಕೆ ಬೆಳಕು ಎಲ್ಲಕ್ಕಿಂತ ಹೆಚ್ಚು ಬೇಕು. ಅಷ್ಟು ಬೆಳಕು ಕೊಡಬಲ್ಲವರು ಕ್ರೋಸಿಯಾ ತರಲಿ. ನಲವತ್ತೈದು ಸೆಂಟಿಮೀಟರ್ ಅಗಲದ ಟ್ಯಾಂಕಿಗೆ ಡೆರಾಸಾ ಮರಿ ತರುವವರು, ಅದನ್ನು ಮುಂದೆ ಯಾರ ದೊಡ್ಡ ಟ್ಯಾಂಕಿಗೆ ಕೊಡುವುದೆಂದು ಕೊಳ್ಳುವ ಮೊದಲೇ ಮಾತಾಡಿಕೊಂಡಿರಬೇಕು.