ತಾರಸಿಯ ಲೆಟ್ಯೂಸ್: ಪೈಪಿಗಿಂತ ನೀರು ಮುಖ್ಯ

ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ಕಿಟ್ ಮಾರುವವರು ಮೊದಲು ಆಡುವುದೇ ನೀರುಳಿತಾಯದ ಮಾತು. ಅದು ಸುಳ್ಳಲ್ಲ. ಅರಿಝೋನಾದ ಯೂಮಾ ಪ್ರದೇಶದ ಬೇಸಾಯವನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕದಲ್ಲಿ, ಒಂದು ಕಿಲೋ ಲೆಟ್ಯೂಸಿಗೆ ಹೊಲದಲ್ಲಿ ಸುಮಾರು 250 ಲೀಟರ್ ನೀರು ಬೇಕು. ಹೈಡ್ರೋಪೋನಿಕ್ಸ್‌ನಲ್ಲಿ 20 ಲೀಟರ್ ಸಾಕು. ಆದರೆ ಅದೇ ಲೆಕ್ಕದಲ್ಲಿ ಶಕ್ತಿಯ ಖರ್ಚು ಎಂಬತ್ತು ಪಟ್ಟಿಗೂ ಹೆಚ್ಚು. ಅದರ ಬಹುಪಾಲು ಹಸಿರುಮನೆಯನ್ನು ಬಿಸಿಯಾಗಿಡಲು, ತಂಪಾಗಿಡಲು ಹೋಗುತ್ತದೆ.

ನಮ್ಮ ಬೆಂಗಳೂರಿನ ಅಮೃತಹಳ್ಳಿಯ ತಾರಸಿಗೆ ಆ ಖರ್ಚು ಬೇಕಿಲ್ಲ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಲೆಟ್ಯೂಸ್ ಬಯಸುವ ತಂಪು ಪುಕ್ಕಟೆ ಸಿಗುತ್ತದೆ. ವರ್ಷವಿಡೀ ಬೆಳೆಯಬಹುದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಷ್ಣತೆ 30 ಡಿಗ್ರಿ ದಾಟಿದರೆ ಬೀಜ ಸರಿಯಾಗಿ ಮೊಳೆಯದು. ಏಪ್ರಿಲ್ ಬಿಸಿಲಿಗೆ ಗಿಡ ಹೂದಂಟು ಎತ್ತಿ ಎಲೆ ಕಹಿಯಾಗುತ್ತದೆ, ಕಾದ ನೀರಿನಲ್ಲಿ ಬೇರು ಕೊಳೆಯುತ್ತದೆ. ಆಗ ಹರಿವೆ, ದಂಟು ಬೆಳೆಯುವುದೇ ಸರಿ. ಕಬ್ಬಿಣ, ಸುಣ್ಣದ ಅಂಶದಲ್ಲೂ ಅವು ಲೆಟ್ಯೂಸಿಗಿಂತ ಬಹಳ ಮುಂದೆ.

ಪಂಪಿನಿಂದ ಪೈಪುಗಳಲ್ಲಿ ತೆಳುವಾಗಿ ನೀರು ಹರಿಸುವ ವ್ಯವಸ್ಥೆ ನೋಡಲು ಚೆಂದ. ಮಧ್ಯಾಹ್ನ ಕರೆಂಟ್ ಹೋದರೆ ಬೇರುಗಳಿಗೆ ನೀರಿನ ಆಸರೆಯೇ ಇರುವುದಿಲ್ಲ. ಹೊಸಬರಿಗೆ ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪ್ರಚುರಪಡಿಸಿದ ನಿಂತ ನೀರಿನ ವಿಧಾನವೇ ಮೇಲು. ಬೆಳಕು ಹಾಯದ ಮುಚ್ಚಿದ ಡಬ್ಬಿ, ಗಿಡವೊಂದಕ್ಕೆ ಸುಮಾರು ನಾಲ್ಕು ಲೀಟರ್ ಪೋಷಕ ದ್ರಾವಣ, ಇಷ್ಟೇ. ನೀರು ಇಳಿದಂತೆಲ್ಲ ಮೇಲಿನ ಬೇರುಗಳಿಗೆ ಗಾಳಿ ಸಿಗುತ್ತದೆ. ಪಂಪಿಲ್ಲ, ಸದ್ದಿಲ್ಲ.

ನನ್ನ ಆಕ್ಷೇಪ ಹೆಚ್ಚಾಗಿ ನೀರಿನ ಬಗೆಗಿನ ಅಸಡ್ಡೆಗೆ. ಲೆಟ್ಯೂಸಿಗೆ ಬೇಕಾದ ಪಿಎಚ್ 5.5ರಿಂದ 6.5. ನಮ್ಮ ಬೋರ್‌ವೆಲ್‌ಗಳ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ಮೇಲಕ್ಕೇ ಎಳೆಯುತ್ತದೆ. ಆಗ ದ್ರಾವಣದಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಗೊಬ್ಬರ ಸಾಲದೆಂದು ಜನ ಇನ್ನಷ್ಟು ಸುರಿಯುತ್ತಾರೆ. ಗಡಸು ತಪ್ಪಿಸಲು ಆರ್‌ಒ ಯಂತ್ರದ ನೀರು ಬಳಸಿದರೆ ಯಂತ್ರ ಹೊರಚೆಲ್ಲುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಳಿತಾಯದ ಮಾತು ಅಲ್ಲೇ ಸೊರಗುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದ ನಗರ ಇದನ್ನು ಮರೆಯಬಾರದು. ಅಕ್ಟೋಬರ್ ಮಳೆಯನ್ನು ಮುಚ್ಚಿದ ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಅದಕ್ಕಿಂತ ಒಳ್ಳೆಯ ನೀರು ಬೇರೆ ಇಲ್ಲ.

ಮಣ್ಣು ಬೇಡ, ಆದರೆ ಇಷ್ಟು ನಿಗಾ ಇಡಲಾಗದು ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಬೇಸಾಯದ ದಾರಿ ತೋರಿಸಿದೆ. ಅದರ ‘ಅರ್ಕಾ ಸಸ್ಯ ಪೋಷಕ ರಸ’ ಅದಕ್ಕೆಂದೇ ರೂಪಿಸಿದ್ದು. ಕೋಕೋಪಿಟ್ ತೇವ ಹಿಡಿದಿಡುವುದರಿಂದ ಒಂದು ಹೊತ್ತು ಮರೆತರೂ ಗಿಡ ಬದುಕುತ್ತದೆ.

ಕೊಯ್ಲಾದ ಮೇಲೆ ಉಳಿದ ದ್ರಾವಣವನ್ನು ದಯವಿಟ್ಟು ಚರಂಡಿಗೆ ಬಿಡಬೇಡಿ. ಅದರ ಸಾರಜನಕ, ರಂಜಕಗಳು ಕೆರೆ ಸೇರಿದರೆ ಪಾಚಿಗೂ ಕಳೆಗೂ ಮೇವಾಗುತ್ತವೆ. ಅಮೃತಹಳ್ಳಿ, ಜಕ್ಕೂರು ಕೆರೆಗಳು ನಮ್ಮ ಪಕ್ಕದಲ್ಲೇ ಇವೆ. ನೀರು ಬೆರೆಸಿ ತೆಳು ಮಾಡಿ ಕರಿಬೇವಿಗೋ ದಾಸವಾಳಕ್ಕೋ ಹಾಕಿ.